ಕಬ್ಬಿಣದ ಕೊಪ್ಪರಿಗೆ

ಚೊಗರು ಕುದಿಯುವ ವಾಸನೆ ಬಂತೆಂದರೆ ಆ ದಿನ ದೋಣಿ ಕಡಲಿಗೆ ಇಳಿಯುವುದಿಲ್ಲ ಎಂದು ಕುಂದಾಪುರದ ಬಳಿಯ ಕೋಡಿ ಊರಿನ ಮಕ್ಕಳಿಗೆಲ್ಲ ಗೊತ್ತಾಗುತ್ತಿತ್ತು. ತೊಗಟೆ ಬೆಂದ ಕಹಿ, ಒದ್ದೆ ಹಗ್ಗ, ಒಂದಿಷ್ಟು ಮೀನು, ಒಂದಿಷ್ಟು ಹೊಗೆ, ಎಲ್ಲ ಸೇರಿದ ಆ ವಾಸನೆ ವನಜಳ ಲಂಗಕ್ಕೆ ಎರಡು ದಿನ ಅಂಟಿಕೊಂಡೇ ಇರುತ್ತಿತ್ತು. ಆಗಿನ ಬಲೆಗಳು ಹತ್ತಿನೂಲಿನವು. ಉಪ್ಪುನೀರಿಗೆ ಬೇಗ ಹಾಳಾಗಬಾರದೆಂದು ಅವನ್ನು ಬಿಸಿ ಚೊಗರಿನಲ್ಲಿ ಅದ್ದಿ ಒಣಗಿಸಬೇಕಿತ್ತು. ಅವಳ ಅಪ್ಪ ಸುಬ್ಬ ಅದರಲ್ಲಿ ಪಳಗಿದ ಕೈ. ತನ್ನ ತಾಮ್ರದ ಕೊಪ್ಪರಿಗೆಯ ಹತ್ತಿರ ಕತ್ತಿ, ಲಂಗರು, ಒಂದು ಮೊಳೆಯನ್ನೂ ತರಲು ಬಿಡುತ್ತಿರಲಿಲ್ಲ. ಒಮ್ಮೆ ಯಾರೋ ಅವಸರಕ್ಕೆ ಕಬ್ಬಿಣದ ಪಾತ್ರೆಯಲ್ಲಿ ಕುದಿಸಿ ಅದ್ದಿದ ಬಲೆ ಕಪ್ಪಾಯಿತು. ಆರು ತಿಂಗಳು ಕಳೆದು, ಬಂಗುಡೆ ತುಂಬಿಕೊಂಡ ಹೊತ್ತಿಗೇ ಅದು ನಡುವಿನಿಂದ ಹರಿದುಹೋಯಿತು.

"ಕಬ್ಬಿಣ ಒಳ್ಗಿಂದ್ ತಿಂತ್ ಮಗಾ," ಎಂದಿದ್ದ ಅಪ್ಪ. "ಮೇಲಿಂದ್ ಕಂಡ್ರೆ ಗೊತ್ತಾತ್ತಿಲ್ಲೆ."

ಮುಂದೆ ನೈಲಾನ್ ಬಲೆ ಬಂತು, ಅಪ್ಪ ಹೋದ, ಕೊಪ್ಪರಿಗೆ ಹಿತ್ತಿಲ ಕೊಟ್ಟಿಗೆಯಲ್ಲಿ ಬೋರಲು ಬಿದ್ದುಕೊಂಡಿತು. ವನಜ ಗೇರುಬೀಜದ ಕಾರ್ಖಾನೆಯಲ್ಲಿ ತಿರುಳಿನ ಮೇಲಿನ ಕೆಂಪು ಸಿಪ್ಪೆ ಬಿಡಿಸುವ ಕೆಲಸಕ್ಕೆ ಸೇರಿದಳು. ಎಷ್ಟು ತೊಳೆದರೂ ಬೆರಳಿನ ಬಣ್ಣ ಹೋಗುತ್ತಿರಲಿಲ್ಲ. ತೊಂಬತ್ತೇಳರ ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ, ಬೆರಳು ಮೂಸಿ ನೋಡಿದಾಗ ಅವಳಿಗೆ ಅಪ್ಪನ ಕೊಪ್ಪರಿಗೆ ನೆನಪಾಯಿತು. ಕಾರ್ಖಾನೆಯವರು ಎಸೆಯುತ್ತಿದ್ದ ಸಿಪ್ಪೆಯನ್ನು ಒಂದು ಚೀಲ ಕೇಳಿ ತಂದಳು. ಆ ಕೊಪ್ಪರಿಗೆಯಲ್ಲೇ ಪಟಿಕ ಹಾಕಿ ಕುದಿಸಿದಳು, ನೂಲಿನ ಲಡಿ ಮುಳುಗಿಸಿದಳು. ಒಣಗಿದ ಮೇಲೆ ನೋಡಿದರೆ ಹೊಸ ಹಂಚಿಗೆ ಮೊದಲ ಮಳೆ ಬಿದ್ದ ಬಣ್ಣ.

ಬ್ರಹ್ಮಾವರದ ನೇಕಾರರ ಸಂಘದ ಭೋಜರಾಜ ಆ ಲಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎರಡೇ ವರ್ಷದಲ್ಲಿ ಮಗ್ಗದವರೆಲ್ಲ ಅದನ್ನು 'ವನಜನ ಬಣ್ಣ' ಎಂದು ಕರೆಯತೊಡಗಿದರು. ಅಂಗಡಿಗೆ ಬಂದವರು "ವನಜನ ಬಣ್ಣದ್ದ್ ಇತ್ತಾ?" ಎಂದು ಕೇಳುವುದನ್ನು ಅವಳು ಒಮ್ಮೆ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಗಂಡ ಪ್ರೇಮಾನಂದ ಮಲ್ಪೆಯ ಬೋಟಿನಲ್ಲಿ ವರ್ಷದ ಮುಕ್ಕಾಲು ಪಾಲು ಕಡಲ ಮೇಲಿರುತ್ತಿದ್ದ. ಊರಲ್ಲಿ ಅವಳ ಹೆಸರಿಟ್ಟುಕೊಂಡು ತಿರುಗುತ್ತಿದ್ದದ್ದು ಆ ಬಣ್ಣವೊಂದೇ.

ಹತ್ತು ವರ್ಷದ ಮೇಲೆ ಸಂಘದವರು ಸಾಲಿಗ್ರಾಮದ ಶ್ರೀಲತಾಳನ್ನು ಕಲಿಯಲು ಕಳಿಸಿದರು. ಗದ್ದೆ ಇದ್ದ ಮನೆಯ ಸೊಸೆ, ಡಿಗ್ರಿ ಓದಿದವಳು. ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಎಷ್ಟು ಸಿಪ್ಪೆ, ಎಷ್ಟು ಕೊಡ ನೀರು, ಎಷ್ಟು ಹೊತ್ತು. ವನಜ ಕಣ್ಣಳತೆಯಲ್ಲಿ ಹಾಕಿದ್ದನ್ನು ಹಿಂದಿನಿಂದ ಬಂದು ತೂಗುತ್ತಿದ್ದಳು. ಮೊದಮೊದಲು ವನಜಳಿಗೆ ನಗು ಬರುತ್ತಿತ್ತು. ಆದರೆ ಭೋಜರಾಜರು ಆ ಪುಸ್ತಕ ತಿರುವಿ, ಇನ್ನು ಪ್ರತಿ ಸಲವೂ ಒಂದೇ ಬಣ್ಣ ಸಿಗಬಹುದು ಎಂದ ದಿನ ನಗು ನಿಂತಿತು. ತಾನು ಕೊಟ್ಟ ಲಡಿಗಳು ಇಷ್ಟು ವರ್ಷ ಬೇರೆಬೇರೆ ಇದ್ದವು ಎಂದಲ್ಲವೇ ಆ ಮಾತಿನ ಅರ್ಥ?

ಆಮೇಲೆ ಸಣ್ಣಸಣ್ಣದೂ ಚುಚ್ಚತೊಡಗಿತು. ಶ್ರೀಲತಾ ಲಡಿ ಕಟ್ಟಿದರೆ ಗಂಟೇ ಬೀಳುವುದಿಲ್ಲ ಎಂದು ನೇಯುವ ಸುಂದರಿ ಹೊಗಳಿದ್ದು. ಶ್ರೀಲತಾ ಮಗ್ಗದವರಿಗೆಲ್ಲ ಮನೆಯಿಂದ ಮಜ್ಜಿಗೆ ತಂದದ್ದು. ಅವಳು "ವನಜಕ್ಕ" ಎಂದು ಕರೆಯುವಾಗಿನ ಮೆತ್ತಗಿನ ದನಿ ಸಹ. ಕೆಟ್ಟವಳಾಗಿದ್ದರೆ ದ್ವೇಷಿಸುವುದು ಸುಲಭವಿತ್ತು. ವನಜಳಿಗೆ ಅಷ್ಟು ಅನುಕೂಲವನ್ನೂ ಆ ಹುಡುಗಿ ಮಾಡಿಕೊಡಲಿಲ್ಲ.

ಶ್ರೀಲತಾ ತನ್ನ ಮನೆಯಲ್ಲೇ ಬಣ್ಣ ಹಾಕುವುದೆಂದು ಗೊತ್ತಾದಾಗ ವನಜ ನೋಡಲು ಹೋದಳು. ಅಂಗಳದಲ್ಲಿ ಹಿಂದೆ ಕಬ್ಬಿನ ಹಾಲು ಕಾಯಿಸುತ್ತಿದ್ದ ಕಬ್ಬಿಣದ ಕೊಪ್ಪರಿಗೆಯನ್ನು ಉಜ್ಜಿ ಬೆಳಗಿಸಿ ಒಲೆಯ ಮೇಲೆ ಇಟ್ಟಿದ್ದಳು.

"ವನಜಕ್ಕ, ಈ ಕೊಪ್ಪರಿಗೆ ಅಡ್ಡಿಲ್ಯಾ?" ಎಂದು ಕೇಳಿದಳು.

ವನಜಳ ಕಣ್ಣ ಮುಂದೆ ನಡುವಿನಿಂದ ಹರಿದ ಆ ಕಪ್ಪು ಬಲೆ ಬಂತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಅಡ್ಡಿಲ್ಲೆ," ಎಂದಳು.

ಆ ನೂಲು ಕೊಳಕು ಕಪ್ಪಾಗುತ್ತದೆ, ಭೋಜರಾಜರು ಹಿಂದಿರುಗಿಸುತ್ತಾರೆ, ಪುಸ್ತಕದ ಜಂಬ ಇಳಿಯುತ್ತದೆ ಎಂದುಕೊಂಡು ಅವಳು ಹದಿನೈದು ದಿನ ಕಾದಳು. ಆಮೇಲೆ ಸಂಘಕ್ಕೆ ಹೋದರೆ ಮಗ್ಗದವರೆಲ್ಲ ಒಂದು ಕಡೆ ನೆರೆದಿದ್ದರು. ಹಗ್ಗದ ಮೇಲೆ ಬೂದು ಬಣ್ಣದ ಲಡಿಗಳು ತೂಗುತ್ತಿದ್ದವು. ಜೂನ್ ತಿಂಗಳ ಬೆಳಗ್ಗೆ ಕಡಲಿಗೂ ಆಕಾಶಕ್ಕೂ ನಡುವೆ ಗೆರೆ ಕಾಣದಿರುವಾಗ ಇರುವ ಬೂದು. ಇಂಥ ಬಣ್ಣ ಇದುವರೆಗೆ ಯಾರೂ ತಂದಿರಲಿಲ್ಲವೆಂದು ಭೋಜರಾಜರು ಹೇಳುತ್ತಿದ್ದರು. ಚಂದ ಇತ್ತು. ವನಜಳಿಗೆ ಅದನ್ನು ಚಂದವಿಲ್ಲ ಎನ್ನಲು ಆಗಲಿಲ್ಲ, ಅದೇ ಹೆಚ್ಚು ಉರಿಯಿತು. ಶ್ರೀಲತಾ ಗುಂಪಿನಿಂದ ಹೊರಗೆ ಬಂದು, ಮೊದಲ ಲಡಿ ಕಲಿಸಿದವರಿಗೆ ಎಂದು ಒಂದನ್ನು ಅವಳ ಕೈಯಲ್ಲಿಟ್ಟಳು. ವನಜ ಅದನ್ನು ಮನೆಗೆ ತಂದು, ಬಿಚ್ಚಿಯೂ ನೋಡದೆ ಟ್ರಂಕಿನ ತಳಕ್ಕೆ ತುರುಕಿದಳು.

ವರ್ಷ ಕಳೆಯುವಷ್ಟರಲ್ಲಿ ಅಂಗಡಿಗೆ ಬಂದವರು ಕೇಳುವುದು ಬೂದು ಬಣ್ಣವನ್ನೇ ಆಯಿತು. ವನಜನ ಬಣ್ಣದ ಸೀರೆಗಳು ಕಪಾಟಿನ ಮೇಲಿನ ಹಲಗೆಗೆ ಏರಿದವು. ಬೆಂಗಳೂರಿನ ಪ್ರದರ್ಶನಕ್ಕೆ ನಲವತ್ತು ಬೂದು ಸೀರೆ ಬೇಕೆಂದು ಬೇಡಿಕೆ ಬಂತು. ಆ ಸುದ್ದಿ ಎರಡು ತಿಂಗಳು ತಡವಾಗಿ ಕಿವಿಗೆ ಬಿದ್ದ ದಿನ ಅವಳಿಗೆ ಅನ್ನ ಸೇರಲಿಲ್ಲ.

ಮರುದಿನ ಬೆಳಗ್ಗೆ ಚಾದರ ಹುಡುಕುವಾಗ ಟ್ರಂಕಿನ ತಳದ ಲಡಿ ಕೈಗೆ ಸಿಕ್ಕಿತು. ಸಿಟ್ಟಿನಲ್ಲಿ ಎಳೆದಳು. ನೂಲು ಸದ್ದಿಲ್ಲದೆ ತುಂಡಾಯಿತು. ಇನ್ನೊಂದು ಎಳೆ ಹಿಡಿದಳು, ಅದೂ ಹೋಯಿತು. ಒಣಗಿದ ಹುಲ್ಲಿನಷ್ಟೂ ಬಲವಿರಲಿಲ್ಲ.

ಮೊದಲು ಬಂದದ್ದು ಸಂತೋಷವೇ. ನಲವತ್ತು ಸೀರೆ ನಲವತ್ತು ಮನೆಗೆ ಹೋಗಲಿ, ಒಂದು ವರ್ಷ ಮಡಚಿದಲ್ಲೇ ಇರಲಿ, ಆಮೇಲೆ ಬಿಚ್ಚಿದಾಗ ಮಡಿಕೆಮಡಿಕೆಗೂ ಹರಿಯಲಿ. ತಾನು ಏನೂ ಮಾಡಬೇಕಾಗಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಹಾಗೆಂದುಕೊಳ್ಳುತ್ತ ಲಡಿಯನ್ನು ತಿರುಗಿಸಿದಾಗ ದಾರದಲ್ಲಿ ಕಟ್ಟಿದ್ದ ಚೀಟಿ ಕಂಡಿತು. ಶ್ರೀಲತಾಳ ದುಂಡನೆಯ ಅಕ್ಷರ. ತಾರೀಕು, ಸಿಪ್ಪೆಯ ತೂಕ, ನೀರಿನ ಲೆಕ್ಕ. ಕೊನೆಯ ಸಾಲಿನಲ್ಲಿ, 'ಕಬ್ಬಿಣದ ಕೊಪ್ಪರಿಗೆ. ವನಜಕ್ಕ ಅಡ್ಡಿಲ್ಲ ಎಂದಿದ್ದಾರೆ.'

ವನಜ ಐದನೇ ಕ್ಲಾಸಿನವರೆಗೆ ಓದಿದವಳು. ಆ ಸಾಲನ್ನು ಮೂರು ಸಲ ಓದಿದಳು. ತನ್ನ ಮಾತನ್ನು ಇದುವರೆಗೆ ಯಾರೂ ಬರೆದಿಟ್ಟುಕೊಂಡಿರಲಿಲ್ಲ. ಇದ್ದೊಬ್ಬಳು ಬರೆದಿಟ್ಟದ್ದು ತನ್ನ ಸುಳ್ಳನ್ನು, ಅದೂ ಎಷ್ಟು ನಂಬಿ! ಅಪ್ಪ ಎಲ್ಲಿಂದಲೋ ತನ್ನ ತಾಮ್ರದ ಕೊಪ್ಪರಿಗೆಯತ್ತ ಕೈ ತೋರಿಸಿದಂತಾಯಿತು. ಅವಳು ಲಡಿಯನ್ನು ಚೀಲಕ್ಕೆ ಹಾಕಿಕೊಂಡು, ಕುಂದಾಪುರಕ್ಕೆ ಬಂದು ಸಾಲಿಗ್ರಾಮದ ಬಸ್ಸು ಹತ್ತಿದಳು.

ಶ್ರೀಲತಾ ಅಡುಗೆಮನೆಯಲ್ಲಿದ್ದಳು. ಕೈ ಒರೆಸಿಕೊಳ್ಳುತ್ತ ಬಂದವಳ ಮುಂದೆ ವನಜ ನೂಲನ್ನು ಎಳೆದು ತೋರಿಸಿದಳು. ತುಂಡುಗಳು ಇಬ್ಬರ ನಡುವೆ ನೆಲಕ್ಕೆ ಬಿದ್ದವು.

"ಕಬ್ಬಿಣ ತಿಂದದ್ದ್," ಎಂದಳು ವನಜ. "ಅಡ್ಡಿಲ್ಲೆ ಅಂದದ್ದ್ ಸುಳ್ಳ್."

ಶ್ರೀಲತಾ ಬಗ್ಗಿ ತುಂಡುಗಳನ್ನು ಆರಿಸಿಕೊಂಡಳು.

"ಆ ದಿನ ನಿಮ್ಗ್ ಮರ್ತ್ ಹೋಯಿತ್ತಾ ಅಕ್ಕ?"

ಬಾಗಿಲು ತೆರೆದು ಕೊಟ್ಟಿದ್ದಳು ಹುಡುಗಿ. ಹೌದು ಎಂದು ಹೊರಬರಬಹುದಿತ್ತು.

"ಇಲ್ಲೆ. ನೆನಪಿತ್ತ್. ನೆನಪಿದ್ದೇ ಸುಳ್ಳ್ ಹೇಳ್ದದ್ದ್."

"ಎಂತಕ್ಕೆ?"

"ಹೊಟ್ಟೆಕಿಚ್ಚ್," ಎಂದಳು ವನಜ. ಅಷ್ಟು ದಿನ ಒಳಗೆ ಸುಡುತ್ತಿದ್ದದ್ದು ಹೊರಗೆ ಬಂದಾಗ ಇಷ್ಟು ಸಣ್ಣ ಮಾತಾಗಿತ್ತು.

ಶ್ರೀಲತಾಳ ಮುಖ ಕೆಂಪೇರಿತು. ಇದುವರೆಗೆ ಕೊಂಡವರಿಗೆ ಏನು ಹೇಳಲಿ, ಬೆಂಗಳೂರಿಗೆಂದು ಹನ್ನೆರಡು ಸೀರೆ ಆಗಲೇ ಮಗ್ಗದಿಂದ ಇಳಿದಿವೆ, ಸುಂದರಿ ಹದಿಮೂರನೆಯದಕ್ಕೆ ಹಾಸುನೂಲು ಏರಿಸಿದ್ದಾಳೆ, ಅವಳ ಸೊಂಟನೋವು ನಿಮಗೆ ಗೊತ್ತಿಲ್ಲವೇ ಎಂದು ಒಂದೇ ಉಸಿರಿಗೆ ಕೇಳಿದಳು. ವನಜ ಕೇಳಿಸಿಕೊಂಡಳು. ಅಪ್ಪನ ತಾಮ್ರದ ಕೊಪ್ಪರಿಗೆಯನ್ನು ಇಲ್ಲಿಗೆ ತಂದು ಕೊಡುತ್ತೇನೆ, ಅದರಲ್ಲೇ ಬಣ್ಣ ಹಾಕಿ ಕೊನೆಗೆ ಒಂದು ಗಳಿಗೆ ಮಾತ್ರ ಕಬ್ಬಿಣ ನೆನೆಸಿದ ನೀರು ತೋರಿಸಿ ಮೂರು ಸಲ ತೊಳೆದರೆ ಬೂದು ಬಂದೀತು, ನೂಲೂ ಉಳಿದೀತು, ನಾವು ಮಾಡಿ ನೋಡಬೇಕು ಎಂದಳು. 'ನಾವು' ಎಂದದ್ದು ಅವಳಿಗೇ ನಾಚಿಕೆಯಾಯಿತು.

ಶ್ರೀಲತಾ ಒಳಗೆ ಹೋಗಿ ಸಂಘಕ್ಕೆ ಫೋನ್ ಮಾಡಿದಳು. ಮಗ್ಗ ನಿಲ್ಲಿಸಿ, ನೂಲು ಕೆಟ್ಟಿದೆ, ಬಂದು ಹೇಳುತ್ತೇವೆ ಎನ್ನುವುದು ಜಗಲಿಗೆ ಕೇಳಿಸಿತು. ಯಾರಿಂದ ಕೆಟ್ಟಿತು ಎನ್ನಲಿಲ್ಲ. "ಹೌದ್, ನಾವಿಬ್ರೂ ಬತ್ತೊ," ಎಂದು ಫೋನ್ ಇಟ್ಟಳು. ಆಮೇಲೆ ಪಾತ್ರೆಗಳ ಸದ್ದು ಜೋರಾಗಿಯೇ ಕೇಳಿಸಿತು. ಸಿಟ್ಟು ಇಳಿದಿರಲಿಲ್ಲ.

ವನಜ ಜಗಲಿಯ ಅಂಚಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಂಗಳದಲ್ಲಿ ಕಬ್ಬಿಣದ ಕೊಪ್ಪರಿಗೆ ಬಿಸಿಲು ಕಾಯುತ್ತಿತ್ತು. ನಿನ್ನೆಯಿಂದ ತಾನು ಉಂಡಿಲ್ಲ ಎಂದು ಅವಳು ಯಾರಿಗೂ ಹೇಳಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಶ್ರೀಲತಾ ಬಂದಳು. ಮುಖ ನೋಡಲಿಲ್ಲ. ಕುಚ್ಚಿಗೆ ಅಕ್ಕಿಯ ಬಿಸಿ ಅನ್ನ, ಹುರುಳಿ ಸಾರು, ಬದಿಗೆ ಒಂದು ಹುರಿದ ಬಂಗುಡೆ ಇದ್ದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಕೈಗೆ ಕೊಟ್ಟಳು.