ಗಡಿಯಾಚೆಯ ಮೊದಲ ತಿರುವು

ಹೆಣದ ಗಾಡಿ ಎಡಕ್ಕೆ ತಿರುಗಿತು. ಅದರ ಬೆನ್ನಿಗೇ ಬರುತ್ತಿದ್ದ ಮೆರಿಲ್ ಮಾತ್ರ ಕಾರನ್ನು ಬಲಕ್ಕೆ, ಪೆಟ್ರೋಲ್ ಬಂಕಿನ ಅಂಗಳಕ್ಕೆ ನುಗ್ಗಿಸಿದ. ವರ್ಲಾಳ ತೊಡೆಯ ಮೇಲಿದ್ದ ಆಲೂಗಡ್ಡೆ-ಚೀಸಿನ ತಟ್ಟೆ ವಾಲಿ, ಕೆನೆ ಅವಳ ಕಪ್ಪು ಲಂಗಕ್ಕೆ ಮೆತ್ತಿಕೊಂಡಿತು. ತಾಯಿಯನ್ನು ಮಣ್ಣು ಮಾಡಿ ಬರುವವರ ಊಟಕ್ಕೆಂದು ಅವಳೇ ಮಾಡಿದ್ದು.

"ಚಕ್ರ ಏನಾದ್ರೂ ಹೋಯ್ತಾ?"

"ಎರಡು ನಿಮಿಷ ಕಣೇ," ಎಂದ ಗಂಡ. ಆಗಲೇ ಫೋನು ಅಂಗೈಯಲ್ಲಿತ್ತು. "ಆಟ ಶುರುವಾದ್ರೆ ಬೆಟ್ಟಿಂಗ್ ದರ ಬಿದ್ದೋಗುತ್ತೆ."

ಅವರ ಊರಿರುವ ಯೂಟಾ ರಾಜ್ಯದಲ್ಲಿ ಲಾಟರಿ ಚೀಟಿ ಕೂಡ ಕಾನೂನಿಗೆ ವಿರುದ್ಧ. ಅಲ್ಲಿ ಕೂತು ಬೆರಳು ಸವೆಯುವಂತೆ ಒತ್ತಿದರೂ ಆ ಜೂಜಿನ ಆ್ಯಪ್ ಬಾಗಿಲು ತೆರೆಯದು. ಈಗಷ್ಟೇ ಹಿಂದೆ ಸರಿದ ಗಡಿಯ ಫಲಕ ದಾಟಿ ಪಕ್ಕದ ವಯೋಮಿಂಗ್ ಸೇರಿದರೆ ಸಾಕು, ಅದಕ್ಕೆ ಜಾಗದ ವಾಸನೆ ಹತ್ತಿ 'ಬಾ ಮಾರಾಯ' ಎನ್ನುತ್ತದೆ. ಮಾವನ ಗೋರಿಯ ಹುಲ್ಲು ಕಿತ್ತು ಬರುತ್ತೇನೆಂದು ಇವನು ಶನಿವಾರ ಶನಿವಾರ ಇಲ್ಲಿಗೆ ಬರುತ್ತಿದ್ದುದು ವರ್ಲಾಳಿಗೆ ನೆನಪಾಯಿತು. ಮಂಡಿ ನೋವಿನ ಅಮ್ಮ ಅಳಿಯನನ್ನು ಬಾಯ್ತುಂಬ ಹರಸುತ್ತಿದ್ದಳು. ಇಸ್ಪೀಟಿನ ಎಲೆಯನ್ನೂ ಹೊಸ್ತಿಲೊಳಗೆ ಬಿಡದ ಹೆಂಗಸು!

"ಅಲ್ಲಿ ನಮ್ಮಮ್ಮ ಒಬ್ಳೇ ಹೋಗ್ತಿದಾಳೆ ಕಣೋ!"

"ಅವ್ರಿಗೇನೇ ಅವಸರ ಈಗ?" ಮೆರಿಲ್ ತಲೆ ಎತ್ತಲಿಲ್ಲ.

ಅಷ್ಟರಲ್ಲಿ ಹಿಂದಿನ ಕಾರುಗಳೆಲ್ಲ ಒಂದೊಂದಾಗಿ ಅದೇ ಅಂಗಳಕ್ಕೆ ತಿರುಗಿದವು. ಸಾವಿನ ಮೆರವಣಿಗೆಯಲ್ಲಿ ಹಗಲಲ್ಲೂ ದೀಪ ಹಚ್ಚಿಕೊಂಡು ಮುಂದಿನ ಕಾರಿನ ಬಾಲ ಬಿಡದೆ ಹೋಗುವುದು ರೂಢಿ. ಎಲ್ಲರೂ ಕುರಿಮಂದೆಯ ಹಾಗೆ ಬಂದು ಬಂಕಿನ ಮುಂದೆ ಸಾಲಾಗಿ ನಿಂತರು.

ವರ್ಲಾಳ ಅಣ್ಣ ವೆಲ್ಡನ್ ಇಳಿದು ಓಡಿ ಬಂದ. ಬೆಳಿಗ್ಗೆ ಚರ್ಚಿನಲ್ಲಿ ಅಮ್ಮನ ಬಗ್ಗೆ ಮಾತಾಡಿ ಎಲ್ಲರ ಕಣ್ಣಲ್ಲಿ ನೀರು ತರಿಸಿದ್ದವನು. ಕಿಟಕಿಯಲ್ಲಿ ಬಗ್ಗಿದವನ ಕಣ್ಣು ಮೆರಿಲ್‌ನ ಫೋನಿನ ಮೇಲೆ ನಿಂತಿತು. ಈಗ ಉಗಿಯುತ್ತಾನೆ, ನಾಲ್ಕು ಜನರ ಮುಂದೆ ಮಾನ ಹರಾಜು ಹಾಕುತ್ತಾನೆ ಎಂದು ವರ್ಲಾ ಕಾದಳು.

ವೆಲ್ಡನ್ ದನಿ ತಗ್ಗಿಸಿದ. "ಯಾರ ಮೇಲೆ ಹಾಕ್ದೆ ಭಾವ?"

ಹಿಂದಿನ ಕಾರಿನಲ್ಲಿ, ಹೆಗಲು ಕೊಡಲು ಬಂದಿದ್ದ ಅಣ್ಣನ ಮಕ್ಕಳು ತಲೆ ಬಾಗಿಸಿ ಕೂತಿದ್ದರು. ಇವರಾದರೂ ಅಜ್ಜಿಗಾಗಿ ಪ್ರಾರ್ಥಿಸುತ್ತಿದ್ದಾರಲ್ಲ ಎಂದುಕೊಳ್ಳುವಷ್ಟರಲ್ಲಿ ಒಬ್ಬ, "ಓಪನ್ ಆಯ್ತು ಕಣ್ರೋ!" ಎಂದು ಕೂಗಿದ.

ವರ್ಲಾ ತಟ್ಟೆಯನ್ನೆತ್ತಿ ಗಂಡನ ತೊಡೆಯ ಮೇಲೆ, ಫೋನಿನ ಮೇಲೇ, ಮಗುಚಿ ಹಾಕಿದಳು.

"ತಗೋ, ಸಾವಿನೂಟ ಇಲ್ಲೇ ಮುಗಿಸ್ಕೋ. ಥೂ, ನಿಮ್ಮ ಜನ್ಮಕ್ಕಿಷ್ಟು!"

ಹೆಣದ ಗಾಡಿ ರಸ್ತೆಯಂಚಿಗೆ ನಿಂತು ಕಾಯುತ್ತಿತ್ತು. ಅವಳು ನಡೆದುಹೋಗಿ ಮುಂದಿನ ಬಾಗಿಲು ತೆಗೆದಾಗ ಚಾಲಕ ಥಾರ್ಲಿ ಸೀಟಿನ ಮೇಲಿದ್ದ ಟೋಪಿ ಸರಿಸಿದ.

"ಯಾಕಮ್ಮಾ, ಎಲ್ರೂ ನಿಂತ್ಬಿಟ್ರು?"

"ನೀವು ನಡೀರಿ."

ಗುಡ್ಡದ ಮೇಲಿನ ಆ ಹಳೆಯ ಗೋರಿಗಳಿಗೆ ಕಾವಲುಗಾರನಿಲ್ಲ. ಆಯಾ ಮನೆಯವರೇ ಹಸನು ಮಾಡಿಕೊಳ್ಳಬೇಕು. ಅಮ್ಮನಿಗಾಗಿ ತೋಡಿದ ಗುಂಡಿಯ ಒಂದು ಬದಿಯಲ್ಲಿ ಹಸಿ ಮಣ್ಣಿನ ರಾಶಿ ಇತ್ತು. ಇನ್ನೊಂದು ಬದಿಯಲ್ಲಿ ಅಪ್ಪನ ಗೋರಿ ಇರಬೇಕಿತ್ತು. ಅಲ್ಲಿ ಸೊಂಟದೆತ್ತರಕ್ಕೆ ಮುಳ್ಳುಕಳೆ ಬೆಳೆದು ಒಣಗಿ ನಿಂತಿತ್ತು. ಕಲ್ಲೇ ಕಾಣುತ್ತಿರಲಿಲ್ಲ.

ಥಾರ್ಲಿ ಕೆಮ್ಮಿದ. "ಪೆಟ್ಟಿಗೆ ಇಳಿಸೋಕೆ ಗಂಡಸ್ರು ಬರ್ಲಿ ಅಂತ ಕಾಯೋಣ್ವಾ?"

"ಸ್ವಲ್ಪ ತಾಳಿ," ಎಂದಳು ವರ್ಲಾ. "ಅಮ್ಮನ್ನ ಈಗ್ಲೇ ಇಳಿಸ್ಬೇಡಿ. ಅವಳು ಇದನ್ನ ನೋಡ್ಬಾರ್ದು."

ಕೆನೆ ಮೆತ್ತಿದ ಲಂಗದಲ್ಲೇ ಮಂಡಿಯೂರಿ, ಒಂದು ಹಿಡಿ ಕಳೆಯನ್ನು ಬುಡದಲ್ಲಿ ಹಿಡಿದು ಎಳೆದಳು. ಬೇರು ಕಿತ್ತು ಬರಲಿಲ್ಲ. ಇನ್ನೊಂದು ಕೈಯನ್ನೂ ಹಾಕಿದಳು.