ಗುಂಡಿಗೆ ನೀರು

ವಕೀಲರ ಮನೆಯಂಗಳದಲ್ಲಿ ತೋಡಿದ ಮೊಣಕಾಲುದ್ದದ ಗುಂಡಿಗಳ ಪೈಕಿ ಕೊನೆಯದರಲ್ಲಿ ನಿಂತು ಶೇಖಮ್ಮ ಗೊಬ್ಬರ ಬೆರೆಸಿದ ಮಣ್ಣನ್ನು ಕೈಯಿಂದ ಹರವುತ್ತಿದ್ದಳು. ದೇವದುರ್ಗದ ಎರೆಮಣ್ಣು ಬಲು ಹಟಮಾರಿ. ನೀರು ಕುಡಿದರೆ ಬಿಡುವುದಿಲ್ಲ, ಒಣಗಿದರೆ ಬಾಯಿಬಿಟ್ಟು ಬೇರನ್ನೇ ಹರಿಯುತ್ತದೆ. ಅದಕ್ಕೇ ತಳಕ್ಕೆ ಗರಸು, ಮೇಲೆ ಹಳೆಯ ತಿಪ್ಪೆಗೊಬ್ಬರ, ಬೇವಿನ ಹಿಂಡಿ, ಹಳ್ಳದ ಉಸುಕು. ಎಲ್ಲವನ್ನೂ ಅವಳೇ ಹೊತ್ತು ತಂದಿದ್ದಳು. ಅದಕ್ಕೆ ಯಾರ ತಕರಾರೂ ಇರಲಿಲ್ಲ.

ಇನ್ನು ನೀರು ಬಿಟ್ಟು ಮಣ್ಣು ಕೂರಿಸಿದರೆ ಗುಲಾಬಿ ಇಡಬಹುದು. ಬಾವಿ ಅಲ್ಲೇ ಇತ್ತು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಶೇಖಮ್ಮನ ಜಾತಿಯವರು ಬಾವಿಗಟ್ಟೆ ಹತ್ತುವಂತಿಲ್ಲ. ನೀರು ಸೇದುವ ಆಳು ಮುದುಕಮ್ಮ ಮಗಳ ಬಾಣಂತನಕ್ಕೆ ಗಬ್ಬೂರಿಗೆ ಹೋಗಿ ಕೂತಿದ್ದಳು.

ವಕೀಲ ಶಂಭುಲಿಂಗಪ್ಪನವರು ಎರಡನೇ ಮಹಾಯುದ್ಧದ ಆ ದಿನಗಳಲ್ಲೂ ಹೈದರಾಬಾದಿನಿಂದ ಸಸಿ ತರಿಸಿದ್ದರು. "ಇವು ಚಿಗುರಿದ್ರ ತೋಟದ ಕೆಲಸ ನಿಂದ ನೋಡು," ಎಂದು ಹೇಳಿ ರಾಯಚೂರಿನ ಅದಾಲತ್ತಿಗೆ ಹೋಗಿದ್ದರು. ಆ ಮಾತಿಗೆ ಶೇಖಮ್ಮನ ಕಣ್ಣು ತುಂಬಿತ್ತು. ಗಂಡ ಹಂಪಯ್ಯ ಕಲ್ಲು ಒಡೆದೂ ಒಡೆದೂ ದಮ್ಮು ಹತ್ತಿಸಿಕೊಂಡಿದ್ದ. ಈ ಕೆಲಸ ಸಿಕ್ಕರೆ ಅವನನ್ನು ಖಣಿಯಿಂದ ಬಿಡಿಸಬಹುದಿತ್ತು.

ಬೇವಿನ ನೆರಳಲ್ಲಿ, ಸುತ್ತಿಟ್ಟ ಗೋಣಿತಟ್ಟಿನೊಳಗೆ ಸಸಿಗಳ ಬೇರು ಒಣಗತೊಡಗಿತು. ಮರುದಿನ ನಸುಕಿನಲ್ಲೇ ಶೇಖಮ್ಮ ಹಳ್ಳದಿಂದ ಕೊಡ ತುಂಬಿಕೊಂಡು ಬಂದಳು. ವಕೀಲರ ಹೆಂಡತಿ ಬಾಗಿಲಲ್ಲೇ ತಡೆದರು.

"ಏನ್ ತಂದಿ ಶೇಖಮ್ಮ?"

"ಹಳ್ಳದ ನೀರ್ರಿ ಅವ್ವಾರ. ಬೇರು ಸಾಯಾಕತ್ತಾವ್ರಿ."

ಆ ತಾಯಿ ಕೆಟ್ಟವರೇನಲ್ಲ, ದನಿ ಏರಿಸಿ ಮಾತಾಡಿದವರೇ ಅಲ್ಲ. "ಆ ಹೂವು ಪೂಜಾಕ್ಕ ಬೇಕು. ನಿನ್ನ ಕೊಡದ ನೀರು ಹ್ಯಾಂಗ ನಡೀತದ, ನೀನ ಹೇಳು. ಮುದುಕಮ್ಮ ಬರ್ತಾಳ, ತಡಿ."

"ಗೊಬ್ಬರ ನಾನ ಹಾಕೀನಲ್ರಿ."

"ಗೊಬ್ಬರದ ಮಾತು ಬ್ಯಾರೆ."

ಬೇರೆಯಂತೆ! ಶೇಖಮ್ಮ ಬೇಲಿಯಾಚೆಯ ಜಾಲಿಯ ಬುಡಕ್ಕೆ ಕೊಡ ಬಗ್ಗಿಸಿ ಬಂದಳು.

ಮಧ್ಯಾಹ್ನ ಮನೆಯವರೆಲ್ಲ ಮಲಗಿದ್ದರು. ಬಾವಿಗಟ್ಟೆಯ ಮೇಲೆ ಹಗ್ಗ, ಬಕೀಟು. ಅವಳು ಕೈ ಚಾಚಿದಳು, ಹಗ್ಗ ಬೆರಳಿಗೆ ತಾಗಿತು ಕೂಡ. ಯಾರಾದರೂ ಕಂಡರೆ ಕೇರಿಯವರ ಮನೆಗಳೇ ಉಳಿಯುವುದಿಲ್ಲ ಎಂಬ ಹೆದರಿಕೆ ಎದೆಯೊಳಗೆ ಹೊಕ್ಕಿತು. ಕೈ ಹಿಂದಕ್ಕೆ ತೆಗೆದಳು.

ವಕೀಲರೂ ಮುದುಕಮ್ಮಳೂ ಬಂದದ್ದು ಒಂದೇ ದಿನ, ಸಸಿಗಳೆಲ್ಲ ಕಡ್ಡಿಯಾದ ಮೇಲೆ. ವಕೀಲರು ಉಗುರಿನಿಂದ ಒಂದರ ತೊಗಟೆ ಕೆರೆದರು. ಒಳಗೂ ಹಸಿರಿರಲಿಲ್ಲ.

"ಏನಿದು?"

"ನೀರಿರಲಿಲ್ರಿ ಯಪ್ಪಾ."

"ಬಾವಿ ತುಂಬ ಅದ, ನೀರಿಲ್ಲಂತಿ?"

ಶೇಖಮ್ಮ ಬಾಗಿಲಲ್ಲಿ ನಿಂತಿದ್ದ ಅವ್ವಾರ ಮುಖ ನೋಡಿದಳು. ಅವರು ಸೆರಗು ಸರಿಪಡಿಸಿಕೊಂಡು ಒಳಗೆ ಹೋದರು.

"ನಿನ್ನ ಕೈಗುಣ ಸರಿ ಇಲ್ಲ, ಬಿಡು," ಎಂದರು ವಕೀಲರು. "ಗುಂಡಿ ಮುಚ್ಚಿ ಹೋಗು. ಅಲ್ಲಿ ಬಂಡಿ ನಿಲ್ಲಸೂಣು."

ಅಂದು ನಸುಕಿನಲ್ಲೂ ಹಂಪಯ್ಯ ಕೆಮ್ಮುತ್ತಲೇ ಖಣಿಗೆ ಹೋಗಿದ್ದ. ಶೇಖಮ್ಮ ಸಲಿಕೆ ಹಿಡಿದು, ತಾನೇ ತೋಡಿ ತೆಗೆದ ಮಣ್ಣನ್ನು ಮತ್ತೆ ಗುಂಡಿಗಳಿಗೆ ಎಳೆಯತೊಡಗಿದಳು. ಧೂಳೆದ್ದಿತು.

ಒಳಗಿನಿಂದ ಅವ್ವಾರ ದನಿ ಕೇಳಿಸಿತು. "ಮುದುಕಮ್ಮ, ಧೂಳು ಮನಿಯೊಳಗ ಬರಾಕತ್ತದ. ಒಂದೀಟು ನೀರು ಹೊಡಿ."

ಮುದುಕಮ್ಮ ಬಾವಿಯಿಂದ ಸೇದಿ ಸೇದಿ ಮುಚ್ಚಿದ ಗುಂಡಿಗಳ ಮೇಲೆಲ್ಲ ಸುರಿದಳು. ಎರೆಮಣ್ಣು ಗಟಗಟನೆ ಕುಡಿದು ಮೆಲ್ಲಗೆ ಕುಸಿದು ಕೂತಿತು. ಕುಸಿದ ಕಡೆಗೆಲ್ಲ ಶೇಖಮ್ಮ ಇನ್ನೊಂದು ಬುಟ್ಟಿ ಮಣ್ಣು ಹಾಕುತ್ತ ಹೋದಳು.