ಬುದ್ಧಿಹಲ್ಲು ಕಿತ್ತ ವಾರದ ಮೆರವಣಿಗೆ

ಬೀದಿಯವರು ಆ ಗಂಡ-ಹೆಂಡತಿಗೆ ಇಟ್ಟ ಹೆಸರು ಗಾಳಿಯಮ್ಮ, ಗುದ್ದಪ್ಪ. ಗಾಳಿಯಮ್ಮ ಬ್ಯಾಗ್‌ಪೈಪ್ ಊದುತ್ತಿದ್ದಳು. ಗುದ್ದಪ್ಪ ಎದೆಗೆ ಡೋಲು ಕಟ್ಟಿಕೊಂಡು ಅವಳ ಹಿಂದೆ ಬಾರಿಸುತ್ತಾ ನಡೆಯುತ್ತಿದ್ದ. ಕೆಲಸದ ದಿನಗಳಲ್ಲಿ ಅವಳದು ಕಿಟಕಿ ಪರದೆ ಹೊಲಿಯುವ ಅಂಗಡಿ, ಅವನದು ನೀರಿನ ಪಂಪು ರಿಪೇರಿ. ರಜೆ ಬಂತೆಂದರೆ ಎಲ್ಲಾದರೊಂದು ಉತ್ಸವ. ಹೂವಿನ ಪ್ರದರ್ಶನ, ದೋಣಿ ಸ್ಪರ್ಧೆ, ಸೇತುವೆ ಉದ್ಘಾಟನೆ, ಯಾವುದಕ್ಕೂ ಇಲ್ಲವೆಂದವರಲ್ಲ. ಚಪ್ಪಲಿ ಅಂಗಡಿಯೊಂದು ಎರಡನೇ ಮಹಡಿ ಏರಿಸಿದಾಗ ಅದಕ್ಕೂ ಹೋಗಿ ಊದಿ ಬಂದಿದ್ದರು.

ಬ್ಯಾಗ್‌ಪೈಪ್ ಎಂದರೆ ಕಂಕುಳಲ್ಲಿ ಒಂದು ಚರ್ಮದ ಚೀಲ, ಅದಕ್ಕೆ ಗಾಳಿ ತುಂಬಲು ಒಂದು ಕೊಳವೆ, ಬೆರಳಾಡಿಸಲು ಇನ್ನೊಂದು, ಹೆಗಲ ಮೇಲೆ ಸುಮ್ಮನೆ ಗುಂಯ್‌ಗುಡಲು ಮೂರು. ಊದುವವರು ಉಸಿರೆಳೆದುಕೊಳ್ಳುವಾಗ ಮೊಣಕೈಯಿಂದ ಚೀಲವನ್ನು ಅದುಮುವುದರಿಂದ ಸದ್ದು ನಿಲ್ಲುವುದೇ ಇಲ್ಲ. ನಿಲ್ಲುವುದೇ ಇಲ್ಲ ಎಂಬುದೇ ಕೆಳಗಿನ ಮನೆಯ ನಿವೃತ್ತ ನ್ಯಾಯಾಧೀಶರ ದೂರಾಗಿತ್ತು. ಅವರು ಪೊರಕೆ ಹಿಡಿಯಿಂದ ಚಾವಣಿಗೆ ಗುದ್ದುತ್ತಿದ್ದರು. “ನಿಮಗಿಂತ ಅವರ ತಾಳವೇ ವಾಸಿ ಕಣ್ರೀ” ಎಂದು ಗಾಳಿಯಮ್ಮ ಗಂಡನನ್ನು ಚುಚ್ಚುತ್ತಿದ್ದಳು.

ಹೀಗಿರುವಾಗ, ನಗರದ ದೊಡ್ಡ ಉತ್ಸವ ಇನ್ನೇನು ಬಂತೆನ್ನುವಷ್ಟರಲ್ಲಿ ಗಾಳಿಯಮ್ಮನ ಬುದ್ಧಿಹಲ್ಲು ಕೀವುಗಟ್ಟಿ ಕೂತಿತು. ಹಲ್ಲಿನ ಡಾಕ್ಟರು ಅದನ್ನು ಕಿತ್ತು, ಹೊಲಿಗೆ ಹಾಕಿ, ಒಂದು ವಾರ ಶಿಳ್ಳೆ ಹಾಕಬಾರದು, ಬಲೂನು ಊದಬಾರದು ಎಂದರು.

“ಬ್ಯಾಗ್‌ಪೈಪು?” ಎಂದು ಗುದ್ದಪ್ಪ ಕೇಳಿದ.

ಡಾಕ್ಟರು ಕೈಗವಸು ಬಿಚ್ಚುತ್ತಿದ್ದವರು ಹಾಗೇ ನಿಂತರು. “ಈ ಪ್ರಶ್ನೆಗೆ ನಮ್ಮ ಪುಸ್ತಕದಲ್ಲಿ ಉತ್ತರ ಇಲ್ಲ ಸ್ವಾಮಿ. ಆದ್ರೂ ಬೇಡ.”

ಮನೆಗೆ ಬರುವಷ್ಟರಲ್ಲಿ ಗಾಳಿಯಮ್ಮನ ಕೆನ್ನೆ ಬನ್ನಿನಂತೆ ಉಬ್ಬಿ, ದವಡೆ ಬಿಗಿದು, ಬಾಯಿಗೆ ಬೀಗ ಜಡಿದಂತಾಗಿತ್ತು. ಗುದ್ದಪ್ಪ ಉತ್ಸವದ ಕಾರ್ಯದರ್ಶಿಗೆ ಫೋನು ಮಾಡಿ ಬರಲಾಗದು ಎಂದ. ಆತ ಅಳುವುದೊಂದು ಬಾಕಿ. ಮೆರವಣಿಗೆಯ ತಲೆಯೇ ನೀವು, ತಲೆಯಿಲ್ಲದ ಮೆರವಣಿಗೆಯನ್ನು ಎಲ್ಲಾದರೂ ಕಂಡಿದ್ದೀರಾ ಎಂದು ಕೇಳಿದ. ಸಮಿತಿಯವರನ್ನು ಕಂಡಿದ್ದ ಗುದ್ದಪ್ಪನಿಗೆ ಉತ್ತರ ನಾಲಿಗೆಯ ತುದಿಗೇ ಬಂದಿತ್ತು, ನುಂಗಿಕೊಂಡ.

ದಾರಿ ತೋರಿಸಿದ್ದು ಮನೆಯಲ್ಲೇ ಇದ್ದ ಅವನ ಅತ್ತೆ. “ಅಳಿಯಂದ್ರೇ, ಅದಲು ಬದಲು ಮಾಡ್ಕೊಳಿ. ನೀವು ಊದಿ, ಅವಳು ಬಡೀಲಿ.”

“ಅವಳಿಗೆ ಬಡಿಯೋಕೆ ಬರ್ಬೇಕಲ್ಲ ಅತ್ತೆ?”

“ಮದುವೆಯಾಗಿ ಇಷ್ಟು ವರ್ಷ ಆಯ್ತು, ಇನ್ನೂ ಗೊತ್ತಾಗಿಲ್ವಾ ನಿಮಗೆ?”

ಗುದ್ದಪ್ಪನಿಗೆ ಊದಲು ತೀರಾ ಬರುತ್ತಿರಲಿಲ್ಲವೆಂದೇನಲ್ಲ. ಪ್ರೇಮದ ದಿನಗಳಲ್ಲಿ ಅವಳ ಪಕ್ಕ ಕೂರುವ ಆಸೆಗೆ ಅವಳ ಗುರುಗಳ ಬಳಿಯೇ ಸೇರಿ ಒಂದು ಧಾಟಿ ಕಲಿತಿದ್ದ. ಎರಡನೆಯದನ್ನು ಶುರು ಮಾಡುವ ಮುಂಚೆ ಗುರುಗಳೇ ಸ್ವಂತ ದುಡ್ಡಿನಲ್ಲಿ ಅವನಿಗೆ ಡೋಲು ಕೊಡಿಸಿದ್ದರು.

ಮಾರನೆಯ ಮಧ್ಯಾಹ್ನ ಮೆರವಣಿಗೆ ಹೊರಟಿತು. ಮುಂದೆ ಗುದ್ದಪ್ಪ, ಹಿಂದೆ ಕೆನ್ನೆಗೆ ಸ್ಕಾರ್ಫು ಕಟ್ಟಿಕೊಂಡ ಗಾಳಿಯಮ್ಮ, ಅವಳ ಹಿಂದೆ ಉತ್ಸವದ ಅಧ್ಯಕ್ಷರು, ಮರಗಾಲು ಕಟ್ಟಿಕೊಂಡ ಒಬ್ಬ ಎತ್ತರದ ಆಸಾಮಿ, ಬಣ್ಣಬಣ್ಣದ ಬಟ್ಟೆಯ ನೃತ್ಯದವರು, ಕೊನೆಯಲ್ಲಿ ತೊಳೆದು ಒರೆಸಿ ನಿಲ್ಲಿಸಿದ್ದ ಅಗ್ನಿಶಾಮಕ ವಾಹನ. ಅಧ್ಯಕ್ಷರು ಆಗಷ್ಟೇ “ಸಂಸ್ಕೃತಿಯೇ ನಮ್ಮ ಉಸಿರು” ಎಂದು ಉದ್ದುದ್ದ ಭಾಷಣ ಬಿಗಿದಿದ್ದರು. ಉಸಿರಿನ ಬೆಲೆ ಗುದ್ದಪ್ಪನಿಗೆ ಮೊದಲ ತಿರುವಿನಲ್ಲೇ ಗೊತ್ತಾಯಿತು. ಚೀಲ ಎಷ್ಟು ತುಂಬಿದರೂ ತೂತುಬಿದ್ದ ಟ್ಯಾಂಕಿನಂತೆ ಖಾಲಿಯಾಗುತ್ತಿತ್ತು. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ವಾದ್ಯ ಈಯಲು ಕೂತ ಎಮ್ಮೆಯಂತೆ ನರಳಿತು. ಜನ ಅದೂ ಧಾಟಿಯ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು.

ಹಿಂದೆ ಬಾರಿಸುತ್ತಿದ್ದ ಗಾಳಿಯಮ್ಮನ ಕಣ್ಣು ಅವನ ಬೆನ್ನಿನ ಮೇಲಿತ್ತು. ಉಸಿರೆಳೆಯುವ ಮುನ್ನ ಅವನ ಭುಜಗಳು ಮೇಲೇಳುತ್ತಿದ್ದವು. ಅವು ಎದ್ದಾಗಲೆಲ್ಲ ತನ್ನ ಕೋಲು ತಾನಾಗಿಯೇ ಹಗುರಾಗುವುದು ಅವಳ ಗಮನಕ್ಕೆ ಬಂತು. ಪ್ರತಿ ಉತ್ಸವದಲ್ಲೂ ಧಾಟಿಯ ಮೂರನೇ ಸುತ್ತು ಬರುವಾಗ ಅವನ ಕೈ ಸಡಿಲವಾಗುತ್ತಿತ್ತು. ಆ ಕಾರಣಕ್ಕೆ ಅವನನ್ನು ಸೋಮಾರಿ, ಮೈಗಳ್ಳ ಎಂದು ಅವಳು ಬೈಯದ ದಿನವಿರಲಿಲ್ಲ. ಮೂರನೇ ಸುತ್ತಿನಲ್ಲಿಯೇ ಅವಳ ಉಸಿರು ಸೋಲುತ್ತಿದ್ದದ್ದು.

ಇದನ್ನೆಲ್ಲ ಯೋಚಿಸಿ ಮುಗಿಸಲು ಗುದ್ದಪ್ಪ ಬಿಡಲಿಲ್ಲ. ಮಾರುಕಟ್ಟೆಯ ವೃತ್ತದಲ್ಲಿ ಬಲಕ್ಕೆ ತಿರುಗಬೇಕಿತ್ತು. ಕಣ್ಣಿಗೆ ಕತ್ತಲೆ ಕಟ್ಟಿದ್ದ ಅವನು ನೇರವಾಗಿ ಒಂದು ಓಣಿಗೆ ನುಗ್ಗಿದ. ಕೂಗೋಣವೆಂದರೆ ಗಾಳಿಯಮ್ಮನ ಬಾಯಿ ತೆರೆಯದು. ಡೋಲನ್ನು ಢಮಢಮ ಬಡಿದು ಎಚ್ಚರಿಸಿದಳು. ಅವನು ಅದನ್ನು ಪ್ರೋತ್ಸಾಹವೆಂದು ತಿಳಿದು ಇನ್ನೂ ಬಿರುಸಾಗಿ ನಡೆದ. ಅಧ್ಯಕ್ಷರು ಅವನ ಹಿಂದೆ, ಅಧ್ಯಕ್ಷರ ಹಿಂದೆ ಎಲ್ಲರೂ. ಕುರಿ ಹಿಂಡು ಇದಕ್ಕಿಂತ ಹೆಚ್ಚು ವಿಚಾರ ಮಾಡುತ್ತದೆ.

ಓಣಿ ಮುಗಿದದ್ದು ಒಂದು ದೊಡ್ಡ ಲಾಂಡ್ರಿಯ ಹಿತ್ತಲಲ್ಲಿ. ಅಲ್ಲಿ ಹೋಟೆಲುಗಳ ಬಿಳಿ ಹೊದಿಕೆಗಳು ಸಾಲುಸಾಲಾಗಿ ಒಣಗುತ್ತಿದ್ದವು. ಮರಗಾಲಿನವನು ಹಗ್ಗಕ್ಕೆ ಕತ್ತು ಕೊಟ್ಟು, ಹೊದಿಕೆಯೊಂದನ್ನು ಮೈತುಂಬ ಹೊದ್ದು ನಿಂತ. ಅಗ್ನಿಶಾಮಕ ವಾಹನ ಓಣಿಯ ಬಾಯಲ್ಲಿ ಬೆಣೆ ಹೊಡೆದಂತೆ ಸಿಕ್ಕಿಕೊಂಡಿತು. ಮುಂದೆ ಗೋಡೆ, ಹಿಂದೆ ವಾಹನ. ಗುದ್ದಪ್ಪನ ಚೀಲ ಕೊನೆಯದೊಂದು ಅಸಭ್ಯ ಸದ್ದು ಹೊರಡಿಸಿ ಸತ್ತಿತು. ಅವನು ಒಗೆಯುವ ಬಟ್ಟೆಯ ಗಂಟೊಂದರ ಮೇಲೆ ಕುಸಿದ.

ಲಾಂಡ್ರಿಯ ಹೆಂಗಸರು ಕೈಯಲ್ಲಿನ ಇಸ್ತ್ರಿ ಇಟ್ಟು ಬಾಗಿಲಿಗೆ ಬಂದರು. ಉತ್ಸವಕ್ಕೆ ಬಂದ ಅತಿಥಿಗಳ ಹಾಸಿಗೆ ಬಟ್ಟೆಯೆಲ್ಲ ಇವರ ತಲೆಗೇ ಬೀಳುತ್ತಿದ್ದುದರಿಂದ ಒಮ್ಮೆಯೂ ಅವರಿಗೆ ಉತ್ಸವ ನೋಡಲು ರಜೆ ಸಿಕ್ಕಿರಲಿಲ್ಲ.

“ಅಯ್ಯೋ ನೋಡ್ರೇ, ಇಲ್ಲಿಗೇ ಬಂದ್ಬಿಟ್ಟಿದ್ದಾರೆ!” ಎಂದಳು ಒಬ್ಬಳು.

“ಇದು ದಾರಿ ಅಲ್ಲ, ತಪ್ಪಿ ಬಂದಿದ್ದು” ಎಂದರು ಅಧ್ಯಕ್ಷರು.

“ಬಂದಿದ್ದು ಬಂದಾಯ್ತಲ್ಲ ಸಾರ್. ಏನಾದ್ರೂ ಬಾರಿಸಿ!”

ಗಾಳಿಯಮ್ಮ ಬಾರಿಸಿದಳು. ಯಾರ ಧಾಟಿಗೂ ಕಾಯಬೇಕಿರಲಿಲ್ಲ, ಯಾರ ಉಸಿರನ್ನೂ ನೋಡಬೇಕಿರಲಿಲ್ಲ. ಮೊದಲು ಮೆಲ್ಲಗೆ, ಆಮೇಲೆ ಮೈಮೇಲೆ ಬಂದವಳಂತೆ. ನೃತ್ಯದವರು ಹೊದಿಕೆಗಳ ನಡುವೆ ಕುಣಿದರು. ಹೆಂಗಸರು ತೋಳೇರಿಸಿಕೊಂಡು ಅಧ್ಯಕ್ಷರನ್ನೂ ಕುಣಿತಕ್ಕೆ ಎಳೆದುಕೊಂಡರು. ಸಂಸ್ಕೃತಿಯ ಉಸಿರು ಏದುಸಿರಾಯಿತು. ಚಾಲಕ ವಾಹನವನ್ನು ಇಂಚಿಂಚಾಗಿ ಹಿಂದಕ್ಕೆ ಸರಿಸಿ ಓಣಿ ಬಿಡಿಸುವವರೆಗೂ ಅವಳ ಕೈ ನಿಲ್ಲಲಿಲ್ಲ. ಗಂಟಿನ ಮೇಲೆ ಕುಳಿತಿದ್ದ ಗುದ್ದಪ್ಪ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಹೊಟ್ಟೆಕಿಚ್ಚಾಯಿತು, ಹೆಮ್ಮೆಯೂ ಆಯಿತು. ಯಾವುದು ಮೊದಲು ಎಂದು ಅವನು ಯಾರಿಗೂ ಹೇಳಲಿಲ್ಲ.

ಕಾರ್ಯದರ್ಶಿ ಮಾತ್ರ ಒಂದು ವಾರ ಅವರ ಫೋನು ಎತ್ತಲಿಲ್ಲ. ಆಮೇಲೆ ತಾನೇ ಮಾಡಿ, ಮುಂದಿನ ಸಲ ಮೆರವಣಿಗೆ ಲಾಂಡ್ರಿಯ ಓಣಿಯಿಂದಲೇ ಶುರುವಾಗಲಿ ಎಂದು ಅಧ್ಯಕ್ಷರ ಅಪ್ಪಣೆಯಾಗಿದೆ ಎಂದ.

ಅಷ್ಟರಲ್ಲಿ ಗಾಳಿಯಮ್ಮನ ದವಡೆ ಸಡಿಲವಾಗಿತ್ತು. ಬಾಯಿ ಬಂದದ್ದೇ ತಡ ಗಂಡನನ್ನು ಎದುರಿಗೆ ಕೂರಿಸಿಕೊಂಡಳು.

“ಮೂರನೇ ಸುತ್ತಲ್ಲಿ ಕೈ ಸಡಿಲ ಬಿಡ್ತಿದ್ದಿದ್ದು ನನಗೋಸ್ಕರಾನಾ?”

“ಮತ್ತೆ? ಜೋರಾಗಿ ಹೊಡೆದ್ರೆ ನೀನು ಅವಸರ ಬೀಳ್ತಿದ್ದೆ.”

“ಇಷ್ಟು ವರ್ಷ ಸೋಮಾರಿ ಅಂತ ಬೈಸ್ಕೊಂಡ್ರಲ್ರೀ. ಒಂದ್ಮಾತು ಹೇಳ್ಬಾರ್ದಿತ್ತಾ?”

“ಮಿಕ್ಕ ವಿಷಯಗಳಲ್ಲಿ ನೀನು ಹೇಳಿದ್ದು ನಿಜಾನೇ ಆಗಿತ್ತಲ್ಲ. ಇದೊಂದಕ್ಕೆ ಯಾಕೆ ವಾದ ಅಂತ ಬಿಟ್ಟೆ.”

ಅವಳಿಗೆ ನಗು ಬಂತು. ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಕೆನ್ನೆ ಹಿಡಿದುಕೊಂಡು ನಕ್ಕಳು. ಮರುದಿನ ಇಬ್ಬರೂ ಹೋಗಿ ಇನ್ನೊಂದು ಡೋಲು ಕೊಂಡು ತಂದರು. ಮೊದಲರ್ಧ ಅವಳು ಊದುವುದು, ಉಳಿದರ್ಧ ಇಬ್ಬರೂ ಸೇರಿ ಬಾರಿಸುವುದು ಎಂದಾಯಿತು. ಹೊಸದು ಹಳೆಯದಕ್ಕಿಂತ ಗೇಣು ದೊಡ್ಡದಿತ್ತು, ನಾದವೂ ಘನವಾಗಿತ್ತು. ಗುದ್ದಪ್ಪ ಅದರ ಪಟ್ಟಿಗೆ ಕೈ ಹಾಕಿದ.

“ಅದು ನನ್ನದು” ಎಂದಳು ಗಾಳಿಯಮ್ಮ.

ಅವನು ಹಳೆಯದನ್ನೇ ಎತ್ತಿ ಕೊರಳಿಗೆ ಹಾಕಿಕೊಂಡ.